ವಕೀಲರ ಸನ್ನದೂ ಸ್ವಂತ ನಡತೆಯೂ

ಕಕ್ಷಿದಾರನ ಹಣವನ್ನು ನುಂಗಿದ ವಕೀಲನ ಸನ್ನದನ್ನು ಕಿತ್ತುಕೊಳ್ಳಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರದು. ಆದರೆ ಅವನು ಕೋರ್ಟಿನ ಹೊರಗೆ, ತನ್ನ ಸ್ವಂತ ಬಾಳಿನಲ್ಲಿ ಶೀಲಗೆಟ್ಟನೆಂದು ಯಾರಾದರೂ ದೂರಿತ್ತರೆ ಅದನ್ನು ವಿಚಾರಿಸುವ ಅಧಿಕಾರ ಯಾರದು? ಆ ಅಧಿಕಾರಕ್ಕೆ ಮೇರೆ ಯಾವುದು? ಈ ಪ್ರಶ್ನೆಗೆ ದೀರ್ಘವಾದ ಚರಿತ್ರೆಯಿದೆ. ಗಡಿನಾಡಿನ ಕನ್ನಡಿಗರಾದ ನಮಗೆ ಅದರೊಡನೆ ಒಂದು ವಿಶೇಷ ಸಂಬಂಧವೂ ಉಂಟು.

1879ರ ವಕೀಲರ ಕಾಯಿದೆಯು, ಶೀಲದೋಷವನ್ನು ತೋರುವ ಅಪರಾಧಕ್ಕಾಗಿ ಶಿಕ್ಷೆ ಹೊಂದಿದ ಪ್ಲೀಡರನನ್ನು ತೆಗೆದುಹಾಕುವ ಅಧಿಕಾರವನ್ನು ಹೈಕೋರ್ಟಿಗೆ ಕೊಟ್ಟಿತು. ವೃತ್ತಿಯಲ್ಲಿ ವಂಚನೆ ಮಾಡಿದವನಿಗೂ ಅದೇ ಗತಿ. ಅಷ್ಟಕ್ಕೇ ನಿಲ್ಲದೆ, ಬೇರಾವುದೇ ಯುಕ್ತ ಕಾರಣವೂ ಸಾಕೆಂದಿತು. 1926ರ ಕಾಯಿದೆಯು ವೃತ್ತಿಸಂಬಂಧವಾದ ಅಥವಾ ‘ಇತರ’ ದುರ್ನಡತೆ ಎಂಬ ಮಾತನ್ನು ಬಳಸಿತು. 1961ರ ವಕೀಲರ ಅಧಿನಿಯಮದ 35ನೆಯ ಕಲಮಿನಲ್ಲಿಯೂ ಅದೇ ಮಾತು ಉಳಿದುಬಂದಿದೆ. ಈ ‘ಇತರ’ ಎಂಬ ಮೂರಕ್ಷರವೇ ವಕೀಲನ ಮನೆಯೊಳಗೆ ಕಾನೂನು ಇಣುಕಿ ನೋಡುವ ಕಿಟಕಿ.

ಈ ಕಿಟಕಿಯನ್ನು ಎಷ್ಟು ತೆರೆಯಬೇಕೆಂಬ ಚರ್ಚೆ ಮೊದಲು ಆಂಗ್ಲರಲ್ಲಿಯೇ ನಡೆಯಿತು. 1866ರಲ್ಲಿ ನೋವಾ ಸ್ಕಾಟಿಯಾದ ಒಬ್ಬ ವಕೀಲರು ತಮ್ಮದೇ ದಾವೆಯ ವಿಷಯದಲ್ಲಿ ನ್ಯಾಯಾಧೀಶರಿಗೆ ಅವಹೇಳನದ ಪತ್ರ ಬರೆದರು. ಅವರು ಅದನ್ನು ಬರೆದದ್ದು ಕಕ್ಷಿದಾರರಾಗಿ, ವಕೀಲರಾಗಿ ಅಲ್ಲ. ಆದುದರಿಂದ ವೃತ್ತಿಯಿಂದ ತಡೆಯುವುದು ತಕ್ಕ ಶಿಕ್ಷೆಯಲ್ಲವೆಂದು ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. ಆದರೆ 1893ರಲ್ಲಿ, ತನ್ನ ಮನೆಗಳನ್ನು ವೇಶ್ಯಾವಾಟಿಕೆಗೆ ಬಾಡಿಗೆ ಕೊಟ್ಟು ಶಿಕ್ಷೆ ಹೊಂದಿದ ಸಾಲಿಸಿಟರೊಬ್ಬನ ಹೆಸರನ್ನು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು ಪಟ್ಟಿಯಿಂದ ತೆಗೆಯಿಸಿತು. ಅವನು ಯಾವ ಕಕ್ಷಿದಾರನಿಗೂ ಮೋಸ ಮಾಡಿರಲಿಲ್ಲ. ಆದರೂ ಗೌರವಸ್ಥರ ವೃತ್ತಿಗೆ ಅಂಥವನು ಯೋಗ್ಯನಲ್ಲವೆಂಬುದೇ ತೀರ್ಪಿನ ಸಾರ. ನಮ್ಮ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೂ ಇದೇ ಧೋರಣೆಯವು: ಇತರರಿಗೆ ನ್ಯಾಯಸಮ್ಮತವಾದದ್ದು ಕೂಡ ವಕೀಲನಿಗೆ ಅನುಚಿತವಾಗಬಹುದೆಂದು ಅವು ಎಚ್ಚರಿಸುತ್ತವೆ.

ಆದರೆ ಯೋಗ್ಯತೆ ಎಂಬುದನ್ನು ಅಳೆಯುವ ಕೋಲು ಕಾಲಕಾಲಕ್ಕೆ ಬದಲಾಗುತ್ತದೆ. ರಾಜದ್ರೋಹಕ್ಕಾಗಿ ಶಿಕ್ಷೆ ಹೊಂದಿದ ಗಾಂಧೀಜಿಯವರ ಹೆಸರನ್ನು ಲಂಡನ್ನಿನ ಇನ್ನರ್ ಟೆಂಪಲ್ ಸಂಸ್ಥೆಯು 1922ರಲ್ಲಿ ತನ್ನ ಪಟ್ಟಿಯಿಂದ ಹೊಡೆದುಹಾಕಿತು; 1988ರಲ್ಲಿ, ಅವರು ತೀರಿಕೊಂಡು ನಲವತ್ತು ವರ್ಷಗಳಾದ ಮೇಲೆ, ಮರಳಿ ಬರೆದುಕೊಂಡಿತು. ನಮ್ಮ ಸೀಮೆಯನ್ನೇ ನೋಡೋಣ. ತಾಡಪತ್ರಿಯಲ್ಲಿ 1880ರಲ್ಲಿ ಹುಟ್ಟಿ ಬಳ್ಳಾರಿಯಲ್ಲಿ ವಕೀಲರಾಗಿದ್ದ ನಟ ಬಳ್ಳಾರಿ ರಾಘವರು, ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದು ಸಾಧಿಸಿದರು. ಮನೆತನಸ್ಥ ಹೆಂಗಸರು ರಂಗವೇರುವುದೇ ಅಪಚಾರವೆಂದು ಬಹುಜನರು ಎಣಿಸಿದ್ದ ಕಾಲವದು. ಇಂದು ಅದನ್ನು ಅನೀತಿಯೆನ್ನುವವರು ಯಾರು? ಲೋಕಾಪವಾದವನ್ನೇ ಪ್ರಮಾಣವಾಗಿ ಹಿಡಿದರೆ ಸತ್ಪುರುಷನೂ ದೋಷಿಯಾದಾನು.

ಮನೆಯ ಜಗಳವು ಬೇರೆ ವೇಷ ತೊಟ್ಟು ಪರಿಷತ್ತಿನ ಬಾಗಿಲಿಗೆ ಬಂದದ್ದೂ ಉಂಟು. ಆದರೆ, ಕರ್ನಾಟಕದ ನಿವೃತ್ತ ಹೈಕೋರ್ಟ್ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿ ಬಾಳು ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು ಸಾರಿತು. 2018ರಲ್ಲಿ ವ್ಯಭಿಚಾರವು ದಂಡನೀಯ ಅಪರಾಧವಲ್ಲವೆಂದೂ ತೀರ್ಪಾಯಿತು.

ಹಾಗೆಂದು ಆ ಕಿಟಕಿಯನ್ನು ಮುಚ್ಚಿಬಿಡುವುದು ಉಚಿತವೆ? ಅಲ್ಲವೆಂದೇ ನಮ್ಮ ಮತ. ಜೀವನಾಂಶಕ್ಕಾಗಿ ಬಂದ ಅನಾಥ ಹೆಣ್ಣು ಮಗಳು ತನ್ನ ಗುಟ್ಟನ್ನೆಲ್ಲ ವಕೀಲನ ಮುಂದೆ ಬಿಚ್ಚಿಡುತ್ತಾಳೆ. ಆ ವಿಶ್ವಾಸವನ್ನು ಬಳಸಿಕೊಂಡು ಅವಳನ್ನು ಕೆಡಿಸುವವನು ಅದು ತನ್ನ ಖಾಸಗಿ ವಿಷಯವೆಂದು ಹೇಳುವಂತಿಲ್ಲ. ಪ್ರಾಪ್ತವಯಸ್ಕರಿಬ್ಬರು ಒಪ್ಪಿ ನಡೆಸುವ ಬಾಳು ಬೇರೆ. ಬಲಾತ್ಕಾರ, ವಂಚನೆ, ವಿಶ್ವಾಸಘಾತಗಳು ಬೇರೆ. ಮೊದಲನೆಯದು ಊರಿನ ಹರಟೆಗೆ ವಿಷಯವಾದೀತು, ಪರಿಷತ್ತಿನ ವಿಚಾರಣೆಗೆ ಅಲ್ಲ. ಎರಡನೆಯದನ್ನು ವಿಚಾರಿಸದಿದ್ದರೆ ಪರಿಷತ್ತು ಇದ್ದೂ ಇಲ್ಲದಂತೆ.

ಈಗ ನಮ್ಮ ನಾಡಿನ ಮಾತು. ಮಡಕಶಿರಾ, ರಾಯದುರ್ಗಗಳ ಪ್ಲೀಡರುಗಳ ಮೇಲಿನ ಅಧಿಕಾರವು ಮೊದಲು ಮದರಾಸು ಹೈಕೋರ್ಟಿನದಾಗಿತ್ತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. ರಾಯದುರ್ಗವು ಆಂಧ್ರಕ್ಕೆ ಬಂತು. ಹೈಕೋರ್ಟು 1954ರಲ್ಲಿ ಗುಂಟೂರಿಗೂ, 1956ರಲ್ಲಿ ಹೈದರಾಬಾದಿಗೂ, 2019ರಲ್ಲಿ ಅಮರಾವತಿಗೂ ಹೋಯಿತು. 1961ರ ಅಧಿನಿಯಮದಿಂದ ವಿಚಾರಣೆಯ ಅಧಿಕಾರವು ರಾಜ್ಯದ ವಕೀಲರ ಪರಿಷತ್ತಿನ ಮೂವರು ವಕೀಲರ ಶಿಸ್ತು ಸಮಿತಿಗೆ ಬಂತು. ದೂರು ಕೊಡುವವರು ಅದನ್ನು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಇಲ್ಲವೇ ರಾಜ್ಯಭಾಷೆಯೆಂದು ಸಾರಿದ ಭಾಷೆಯಲ್ಲಿ ಬರೆದು, ಸಹಿ ಮಾಡಿ, ಪ್ರಮಾಣೀಕರಿಸಬೇಕು. ಆಂಧ್ರದಲ್ಲಿ ಆ ಸ್ಥಾನ ಕನ್ನಡಕ್ಕಿಲ್ಲ. ಕನ್ನಡವೊಂದನ್ನೇ ಬಲ್ಲ ಅಮರಾಪುರದ ಹೆಂಗಸಿಗೆ ಅನ್ಯಾಯವಾದರೆ, ಅವಳು ಮೊದಲು ಹುಡುಕಬೇಕಾದದ್ದು ನ್ಯಾಯವನ್ನಲ್ಲ, ತನ್ನ ಮಾತನ್ನು ಬರೆದುಕೊಡುವವರನ್ನು! ಬರೆಯುವವನು ಒಂದು ಮಾತು ಹೆಚ್ಚಿಸಿದರೆ ನಿರಪರಾಧಿಯ ಮಾನ ಹೋದೀತು. ಒಂದು ಮಾತು ಬಿಟ್ಟರೆ ಅಪರಾಧಿ ತಪ್ಪಿಸಿಕೊಂಡಾನು.

ಹಳ್ಳಿಗಳಲ್ಲಿ ಅರ್ಜಿ ಬರೆದುಕೊಡುವ ಕೆಲಸ ಬಹುಮಟ್ಟಿಗೆ ನಮ್ಮಂತಹ ಶಾಲಾ ಉಪಾಧ್ಯಾಯರ ಪಾಲಿಗೆ ಬರುತ್ತದೆ. ಕಂಡದ್ದನ್ನೂ ಕೇಳಿದ್ದನ್ನೂ ಬೇರೆಬೇರೆಯಾಗಿ ಬರೆಯುವುದು, ಬರೆದುದನ್ನು ದೂರುಗಾರ್ತಿಗೆ ಕನ್ನಡದಲ್ಲಿ ಓದಿ ಹೇಳಿ ಆಮೇಲೆ ಸಹಿ ಹಾಕಿಸುವುದು—ಇವೆರಡನ್ನು ನಾವು ವ್ರತದಂತೆ ಪಾಲಿಸಬೇಕು. ಭಾಷೆ ಬಲ್ಲ ಇಬ್ಬರನ್ನು ಈ ಕಾರ್ಯಕ್ಕೆ ನಮ್ಮ ಸಂಘವೂ ಗೊತ್ತುಮಾಡಿದರೆ, ಕನ್ನಡದ ಸೇವೆಯಲ್ಲಿ ಅದು ಉತ್ಸವಕ್ಕಿಂತ ಕಡಮೆಯದಾಗದು.