ಸೇವೆಯೂ ಕಲಿಯಬೇಕಾದ ವಿದ್ಯೆ

ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸುತ್ತಿರುವ ಈ ಪುಣ್ಯಕಾಲದಲ್ಲಿ ದೇವಾಲಯದ ಕಟ್ಟಡ, ಗಂಟೆ, ಪೀಠಗಳ ಚರಿತ್ರೆಯನ್ನು ಈ ಸಂಚಿಕೆಯ ಇತರ ಪುಟಗಳು ಹೇಳುತ್ತವೆ. ನಾವು ಇಲ್ಲಿ ಮತ್ತೊಂದು ಚರಿತ್ರೆಯನ್ನು ಭಕ್ತಾದಿಗಳ ಮುಂದಿಡಬಯಸುತ್ತೇವೆ. ಸೇವೆ ಮಾಡುವ ವಿದ್ಯೆಯನ್ನು ಈ ನಾಡಿನ ಜನರು ಯಾರಿಂದ, ಹೇಗೆ ಕಲಿತರು ಎಂಬುದರ ಚರಿತ್ರೆ ಅದು.

ಸೇವೆಗೆ ಒಳ್ಳೆಯ ಮನಸ್ಸೊಂದಿದ್ದರೆ ಸಾಕೆಂದು ಅನೇಕರು ಭಾವಿಸುತ್ತಾರೆ. ಆದರೆ ಸಂತ ಲೂಕರು ಬರೆದ ಶುಭಸಂದೇಶದ ಸಮಾರಿಯದವನನ್ನು ಸ್ವಲ್ಪ ಗಮನಿಸಿ ನೋಡೋಣ. ಅವನು ಕನಿಕರಪಟ್ಟನು, ನಿಜ, ಅಷ್ಟಕ್ಕೇ ನಿಲ್ಲಲಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸಗಳನ್ನು ಹಾಕಬೇಕೆಂಬುದು ಅವನಿಗೆ ತಿಳಿದಿತ್ತು. ಕಟ್ಟು ಕಟ್ಟಲು ಬರುತ್ತಿತ್ತು. ಗಾಯಾಳುವನ್ನು ತನ್ನ ವಾಹನದ ಮೇಲೆ ಕೂರಿಸಿ ಸಾಗಿಸಿದನು. ಛತ್ರದವನಿಗೆ ಹಣ ಕೊಟ್ಟು, ಮರಳಿ ಬಂದು ಉಳಿದ ಲೆಕ್ಕ ತೀರಿಸುವುದಾಗಿ ಹೇಳಿದನು. ಕರುಣೆಯೂ ಕೌಶಲವೂ ಅವನಲ್ಲಿ ಕೂಡಿದ್ದುದರಿಂದಲೇ ಆ ಗಾಯಾಳು ಬದುಕಿದನು.

ವಿದ್ಯೆ ಅಭ್ಯಾಸದಿಂದ ಬರುತ್ತದೆಂಬುದಕ್ಕೆ ನಮ್ಮ ನೆಲವೇ ಸಾಕ್ಷಿ. ಚಾಲುಕ್ಯರ ಶಿಲ್ಪಿಗಳು ಹುನಗುಂದ ಸೀಮೆಯ ಐಹೊಳೆಯಲ್ಲಿ ಒಂದರ ಮೇಲೊಂದು ಪ್ರಯೋಗ ಮಾಡಿ ಕೈ ಪಳಗಿಸಿಕೊಂಡರು. ಅದರ ಫಲ ಬಾದಾಮಿ ಸೀಮೆಯ ಪಟ್ಟದಕಲ್ಲಿನಲ್ಲಿ ಪಕ್ವವಾಯಿತು. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಈ ಕೌಶಲವು ಹಿರಿಯರ ಪಕ್ಕದಲ್ಲಿ ಮಗ್ಗದ ಮುಂದೆ ಕುಳಿತವರಿಗೆ ಮಾತ್ರ ಒಲಿಯುವಂಥದು. ಕರಿಮಣ್ಣಿನ ಹೊಲಕ್ಕೆ ಒಡ್ಡು ಹಾಕುವುದು, ಹೆಚ್ಚಿನ ನೀರು ಮಣ್ಣನ್ನು ಕೊಚ್ಚಿಕೊಂಡು ಹೋಗದಂತೆ ಕಲ್ಲಿನ ಕೋಡಿ ಕಟ್ಟುವುದು ಇವೂ ಹಾಗೆಯೇ. ಹೀಗಿರುವಾಗ ಸೇವೆಯೊಂದಕ್ಕೆ ಮಾತ್ರ ಅಭ್ಯಾಸ ಬೇಡವೆಂದರೆ ಹೇಗೆ?

ಕಾಯಕ, ದಾಸೋಹಗಳನ್ನು ಸಾರಿದ ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ ನಮ್ಮ ನೆರೆಯಲ್ಲಿಯೇ ಇದೆ. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರು ತಿರುಗಿ ದುಶ್ಚಟಗಳನ್ನು ಭಿಕ್ಷೆ ಬೇಡಲಾರಂಭಿಸಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಮನೆಬಾಗಿಲಿಗೆ ಹೋಗಿ, ಮನನೋಯಿಸದೆ ಮಾತನಾಡಿ, ಮನಸ್ಸನ್ನು ತಿರುಗಿಸುವ ಕಲೆಯನ್ನು ಆ ಹಿರಿಯರಿಂದ ನಾವೂ ಕಲಿಯಬಹುದು.

ಸ್ವಯಂಸೇವೆಗೆ ಶಿಸ್ತುಬದ್ಧ ಶಿಕ್ಷಣ ಬೇಕೆಂದು ನಮ್ಮ ಭಾಗದಲ್ಲಿ ಮನಗಾಣಿಸಿದವರು ಡಾ. ನಾ. ಸು. ಹರ್ಡೀಕರರು. ಅಮೆರಿಕದಲ್ಲಿ ವಿದ್ಯಾಭ್ಯಾಸ ಮಾಡಿ ಬಂದ ಈ ವೈದ್ಯರು 1923ರ ಕಾಕಿನಾಡ ಅಧಿವೇಶನದಲ್ಲಿ ಹುಟ್ಟಿದ ಹಿಂದೂಸ್ತಾನಿ ಸೇವಾದಳವನ್ನು ಹುಬ್ಬಳ್ಳಿಯಿಂದ ನಡೆಸಿದರು. ಮರುವರ್ಷ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನದ ವ್ಯವಸ್ಥೆಯಲ್ಲಿ ಸ್ವಯಂಸೇವಕರು ದುಡಿದರು. ಮಹಿಳೆಯರ ದಳಕ್ಕೆ ಉಮಾಬಾಯಿ ಕುಂದಾಪುರ ಅವರು ಮುಂದಾಳಾದರು. ಕಸ ಬಳಿಯುವುದೂ ಜನಜಂಗುಳಿಯನ್ನು ಸಾಲಿನಲ್ಲಿ ನಡೆಸುವುದೂ ಗೌರವದ ಕೆಲಸವೆಂದು ನಾಡು ಅಂದು ಅರಿತಿತು.

ನಮ್ಮ ಪವಿತ್ರ ಧರ್ಮಸಭೆಯೂ ಈ ವಿಷಯದಲ್ಲಿ ಹಿಂದುಳಿಯಲಿಲ್ಲ. 1960ರಲ್ಲಿ ಧರ್ಮಭಗಿನಿಯರು ಮಂಗಳೂರಿನ ರೋಶನಿ ನಿಲಯದಲ್ಲಿ ಸಮಾಜಕಾರ್ಯದ ಶಾಲೆಯನ್ನು ತೆರೆದರು. 1963ರಲ್ಲಿ ಯೇಸುಸಭೆಯ ಗುರುಗಳ ಭಾರತೀಯ ಸಮಾಜ ಸಂಸ್ಥೆಯು ಬೆಂಗಳೂರಿನಲ್ಲಿ ತರಬೇತಿ ಕೇಂದ್ರವನ್ನು ಸ್ಥಾಪಿಸಿತು. 1965ರ ನವೆಂಬರ್ 18ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಶ್ರೀಸಾಮಾನ್ಯರ ಪ್ರೇಷಿತಕಾರ್ಯವನ್ನು ಕುರಿತ ಆಜ್ಞಾಪತ್ರವನ್ನು ಹೊರಡಿಸಿ, ಅದರ ಕೊನೆಯ ಅಧ್ಯಾಯವಾದ ಆರನೆಯದನ್ನು ತರಬೇತಿಗೇ ಮೀಸಲಿಟ್ಟಿತು. ಆ ತರಬೇತಿ ಬಾಲ್ಯದಲ್ಲಿಯೇ ಆರಂಭವಾಗಬೇಕೆಂದೂ ವಿಧಿಸಿತು. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಬಂದ ಮೇಲೆ ನಮ್ಮ ಕಾಲೇಜು ಯುವಕ ಯುವತಿಯರಿಗೂ ಏಳು ದಿನಗಳ ಶಿಬಿರವಾಸ, ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಎಂಬ ಕ್ರಮ ಪರಿಚಯವಾಯಿತು.

ಇಷ್ಟೆಲ್ಲ ಏಕೆ ಬೇಕೆಂದು ಕೇಳುವವರಿಗೆ ಈ ಸೀಮೆಯ ಕಷ್ಟಗಳೇ ಉತ್ತರ ಹೇಳುತ್ತವೆ. 1876-78ರ ಮಹಾಬರ ಅಂದಿನ ಕಲಾದಗಿ ಜಿಲ್ಲೆಯನ್ನು ಬರಿದುಮಾಡಿತು. 1964ರಲ್ಲಿ ಅಡಿಗಲ್ಲು ಕಂಡ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಬಾಗಲಕೋಟೆಯ ಹಳೆಯ ಕೇರಿಗಳು ಸಂದು, ಜನ ನವನಗರಕ್ಕೆ ಗಂಟುಮೂಟೆ ಹೊತ್ತು ನಡೆದರು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಸುರಿದ ಮಳೆಗೆ ಉತ್ತರ ಕರ್ನಾಟಕವೇ ತತ್ತರಿಸಿ, ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಅಸುನೀಗಿದರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನುಗ್ಗಿದಳು. ಇಂಥ ವೇಳೆ ಕೊಡುವ ಕೈಗಳಿಗೆ ಬರವಿರುವುದಿಲ್ಲ. ಆದರೆ ಯಾವ ಮನೆಯಲ್ಲಿ ಬಾಣಂತಿಯಿದ್ದಾಳೆ, ಎಲ್ಲಿ ನಡೆಯಲಾರದ ವೃದ್ಧರಿದ್ದಾರೆ ಎಂಬ ಪಟ್ಟಿಯನ್ನು ಮೊದಲೇ ಬರೆದಿಟ್ಟವರು ಬೇಕು. ವಾಂತಿಭೇದಿ ಹರಡಿದಾಗ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಕುಡಿಸಬೇಕೆಂದು ಬಲ್ಲವರು ಬೇಕು. ಹಾವು ಕಚ್ಚಿದಲ್ಲಿ ಕೊಯ್ಯದೆ, ಬಿಗಿದು ಕಟ್ಟದೆ, ರೋಗಿಯನ್ನು ಅಲುಗಾಡಗೊಡದೆ ಆಸ್ಪತ್ರೆಗೆ ಒಯ್ಯುವವರು ಬೇಕು. ಹಂಚಿದ ಕಂಬಳಿ, ಕಾಳುಗಳ ಲೆಕ್ಕವನ್ನು ಊರ ಮುಂದೆ ಓದಿ ಹೇಳುವವರೂ ಬೇಕು. ಇವರಿಲ್ಲದಿದ್ದರೆ ದಾನದ ರಾಶಿ ಒಂದು ಕಡೆ, ಹಸಿದ ಹೊಟ್ಟೆ ಇನ್ನೊಂದು ಕಡೆ ಆಗುತ್ತದೆ.

ಗಿಡ ನೆಡುವ ಮಾತೂ ಹೀಗೆಯೇ. ವರ್ಷಕ್ಕೆ 600 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುವ ಈ ನೆಲದಲ್ಲಿ ಜೂನಿನಲ್ಲಿ ಭಾವಚಿತ್ರಕ್ಕಾಗಿ ನೆಟ್ಟ ಸಸಿ ಮರುವರ್ಷದ ಏಪ್ರಿಲಿನೊಳಗೆ ಒಣಗಿದ ಕಡ್ಡಿಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಬೇವು, ಹುಣಸೆಗಳಂಥ ಈ ಮಣ್ಣಿನ ಮರಗಳನ್ನು ಆರಿಸುವುದು, ಆಳವಾದ ಗುಂಡಿ ತೋಡುವುದು, ಬುಡಕ್ಕೆ ಹುಲ್ಲು ಹೊದಿಸುವುದು, ಮೊದಲ ಎರಡು ಬೇಸಿಗೆ ನೀರುಣಿಸುವುದು ಕಲಿತು ಮಾಡಬೇಕಾದ ಕೆಲಸಗಳು. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೋ ಸೀ’ ವಿಶ್ವಪರಿಪತ್ರದ ಆರನೆಯ ಅಧ್ಯಾಯವೂ ಪರಿಸರ ಶಿಕ್ಷಣವನ್ನೇ ಕುರಿತದ್ದಾಗಿದೆ. ಐವತ್ತು ವರ್ಷಗಳ ಅಂತರದ ಎರಡು ಪತ್ರಗಳು ಕಲಿಯಿರಿ ಎಂಬ ಮಾತಿನಲ್ಲಿಯೇ ಮುಗಿಯುವುದು ನಮ್ಮ ಗಮನವನ್ನು ಸೆಳೆಯಬೇಕು.

ಹಿಂದೆ ಇಂಥ ಶಿಕ್ಷಣಕ್ಕಾಗಿ ಬೆಂಗಳೂರು, ಮಂಗಳೂರುಗಳಿಗೆ ರಾತ್ರಿಯೆಲ್ಲ ಪ್ರಯಾಣ ಮಾಡಬೇಕಾಗಿತ್ತು. ಇಂದು ಹಾಗಿಲ್ಲ. 2008ರಲ್ಲಿ ಸ್ಥಾಪನೆಗೊಂಡ ತೋಟಗಾರಿಕೆ ವಿಶ್ವವಿದ್ಯಾಲಯ ಬಾಗಲಕೋಟೆಯಲ್ಲಿಯೇ ಇದೆ. ಕೃಷಿ ವಿಜ್ಞಾನ ಕೇಂದ್ರವೂ ಜಿಲ್ಲೆಯಲ್ಲಿದೆ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ 2016ರಲ್ಲಿ ನೆರೆಯ ಗದಗಿಗೆ ಬಂದಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2016ರಲ್ಲಿ 30 ಜಿಲ್ಲೆಗಳಿಗಾಗಿ ತೊಡಗಿದ ‘ಆಪದಾ ಮಿತ್ರ’ ಯೋಜನೆಯನ್ನು 2021ರಲ್ಲಿ 350 ಜಿಲ್ಲೆಗಳಿಗೆ ವಿಸ್ತರಿಸಿ, ಸಾಮಾನ್ಯ ನಾಗರಿಕರಿಗೆ 12 ದಿನಗಳ ರಕ್ಷಣಾ ತರಬೇತಿಯನ್ನು ನೀಡಿತು. ರೆಡ್ ಕ್ರಾಸ್, ಗೃಹರಕ್ಷಕ ದಳ, ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಗಳೂ ಪ್ರಥಮ ಚಿಕಿತ್ಸೆ, ಶಿಸ್ತುಗಳನ್ನು ಕಲಿಸುತ್ತಲೇ ಬಂದಿವೆ. ಬಾಗಿಲುಗಳು ತೆರೆದಿವೆ, ತಟ್ಟುವ ಕೈಗಳು ನಮ್ಮವಾಗಬೇಕು.

ಈ ಸೀಮೆಯಲ್ಲಿ ನಾವು ಸಂಖ್ಯೆಯಿಂದ ಅಲ್ಪರು. ನೆರೆಹೊರೆಯವರು ನಮ್ಮ ಜಪತಪಗಳನ್ನು ಕಾಣುವುದಕ್ಕಿಂತ ನಮ್ಮ ನಡತೆಯನ್ನು ಕಾಣುವುದೇ ಹೆಚ್ಚು. ಆದುದರಿಂದ ಶತಮಾನೋತ್ಸವದ ನೆನಪಿಗಾಗಿ ಪ್ರತಿಯೊಂದು ಕುಟುಂಬದಿಂದ ಒಬ್ಬರಾದರೂ, ಮಗನಾಗಲಿ ಮಗಳಾಗಲಿ, ಸೊಸೆಯಾಗಲಿ, ಒಂದು ಸೇವಾವಿದ್ಯೆಯನ್ನು ಕ್ರಮವಾಗಿ ಕಲಿತು ಬರಲಿ ಎಂದು ನಾವು ಪ್ರೀತಿಯಿಂದ ಕೇಳಿಕೊಳ್ಳುತ್ತೇವೆ. ಕಲಿತವರು ಜಾತಿಮತಗಳನ್ನು ಎಣಿಸದೆ ಊರಿಗೆಲ್ಲ ಅದನ್ನು ಹಂಚಲಿ. ಮುಂದಿನ ಪ್ರವಾಹ ನಮ್ಮನ್ನು ಕೇಳಿ ಬರುವುದಿಲ್ಲ. ಅಂದು ನಮ್ಮ ಕೈಗೆ ಕಟ್ಟು ಕಟ್ಟಲು ಬರಬೇಕು.

ಶಿಷ್ಯರ ಪಾದಗಳನ್ನು ತಾವೇ ತೊಳೆದು ಸೇವೆಯನ್ನು ಕಲಿಸಿಕೊಟ್ಟ ಪ್ರಭು ಯೇಸುಕ್ರಿಸ್ತರು ನಮ್ಮ ಎರಡನೆಯ ನೂರು ವರ್ಷಗಳನ್ನು ಹರಸಲಿ. ದೇವಮಾತೆ ಮರಿಯಮ್ಮನವರು ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ.