ಬುಕಾನನ್ ಹೋದ ದಾರಿಯ ಮನೆಗಳು

1800ರ ಏಪ್ರಿಲ್ 23ರಂದು ಫ್ರಾನ್ಸಿಸ್ ಬುಕಾನನ್ ಮದರಾಸು ಬಿಟ್ಟು ಹೊರಟ. ಟಿಪ್ಪು ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಕಂಪನಿ ಸೇವೆಯಲ್ಲಿದ್ದ ಈ ಸ್ಕಾಟಿಷ್ ವೈದ್ಯನಿಗೆ ಗವರ್ನರ್ ಜನರಲ್ ವೆಲ್ಲೆಸ್ಲಿ ವಹಿಸಿದ್ದು ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ ವರದಿ ಬರೆಯುವ ಕೆಲಸ. ಮೊದಲು ಕುಂದ್ರತ್ತೂರು, ಆಮೇಲೆ ಶ್ರೀಪೆರುಂಬುದೂರು, ಕಂಚಿ, ಆರ್ಕಾಟು, ವೆಲ್ಲೂರು. ಘಟ್ಟ ಹತ್ತಿ ವೆಂಕಟಗಿರಿಕೋಟೆ, ಬೇತಮಂಗಲ, ಟೇಕಲ್. ಮೇ ತಿಂಗಳಲ್ಲಿ ಬೆಂಗಳೂರು.

ಚೆನ್ನೈಯಲ್ಲಿರುವ ಓದುಗರಿಗೆ ಈ ಊರುಗಳ ಸಾಲು ಪರಿಚಿತ ಅನ್ನಿಸಬಹುದು. ಶ್ರೀಪೆರುಂಬುದೂರಿನಿಂದ ಹೊಸಕೋಟೆಯವರೆಗೆ ಸುಮಾರು 260 ಕಿ.ಮೀ. ಉದ್ದದ ಹೊಸ ಎಕ್ಸ್‌ಪ್ರೆಸ್‌ವೇ ಬರುತ್ತಿರುವುದೂ ಹೆಚ್ಚುಕಡಿಮೆ ಇದೇ ಸೀಮೆಯಲ್ಲಿ. ವೆಂಕಟಗಿರಿಕೋಟೆ, ಬೇತಮಂಗಲಗಳ ಪಕ್ಕದಲ್ಲೇ. ಕರ್ನಾಟಕದ ಭಾಗದಲ್ಲಿ ಈಗಾಗಲೇ ವಾಹನಗಳು ಓಡಾಡುತ್ತಿವೆ.

ವೆಲ್ಲೆಸ್ಲಿ ಕೊಟ್ಟ ಸೂಚನೆಗಳಲ್ಲಿ ಮೊದಲ ಸ್ಥಾನ ಬೇಸಾಯಕ್ಕೆ. ಬೆಳೆ, ದನಕರು, ಹಿಡುವಳಿಯ ಅಳತೆ, ಕೂಲಿ. ಆಮೇಲೆ ಹತ್ತಿ, ಮೆಣಸು, ಗಂಧ, ಏಲಕ್ಕಿ, ಗಣಿ. ಜನರ ಊಟ, ಬಟ್ಟೆ, ವಾಸದ ಸ್ಥಿತಿ ಕೊನೆಯ ಕಡೆ ಬರುತ್ತದೆ. ಬುಕಾನನ್‌ಗೆ ಕನ್ನಡ ಬರುತ್ತಿರಲಿಲ್ಲ, ನಡುವೆ ದುಭಾಷಿ. ಆದರೂ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಮೂರು ಸಂಪುಟಗಳಲ್ಲಿ ಖಂಡುಗ, ಕೊಳಗಗಳನ್ನು ಅವನು ಅನುವಾದಿಸಲು ಹೋಗಿಲ್ಲ. ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾನೆ. ನನ್ನಂಥ ಅನುವಾದಕರಿಗೆ ಇದು ದೊಡ್ಡ ಉಪಕಾರ. ನೇಗಿಲಿನ ಚಿತ್ರವನ್ನೂ ಬರೆಸಿ ಹಾಕಿದ್ದಾನೆ. ರಾಗಿಯನ್ನು ನೆಲದ ಗುಂಡಿಯಲ್ಲಿ ಹೇಗೆ ಕಾಪಿಡುತ್ತಾರೆಂದು ವಿವರಿಸಿದ್ದಾನೆ. ಮನೆಯ ವಿಷಯಕ್ಕೆ ಬಂದಾಗ ಮಾತ್ರ ಮಾತು ಚುಟುಕಾಗುತ್ತದೆ. ಮಣ್ಣಿನ ಗೋಡೆ ಅವನಿಗೆ ಕಾಣುವುದು ಬಡತನದ ಅಥವಾ ಅನುಕೂಲದ ಗುರುತಾಗಿ. ಅದನ್ನೂ ಒಬ್ಬರು ಕಟ್ಟಿದ್ದಾರೆ, ಅದಕ್ಕೂ ಒಂದು ಲೆಕ್ಕಾಚಾರವಿದೆ ಎಂಬ ಕುತೂಹಲ ಅಲ್ಲಿ ಕಾಣುವುದಿಲ್ಲ. ಅವನನ್ನು ದೂರುವಂತಿಲ್ಲ. ಅವನ ಕೈಯಲ್ಲಿದ್ದ ಪಟ್ಟಿಯಲ್ಲಿ ಆ ಪ್ರಶ್ನೆ ಇರಲಿಲ್ಲ.

ದೂರಬೇಕಾದದ್ದು ನಂತರದ ಇನ್ನೂರು ವರ್ಷಗಳನ್ನು. ಈ ದಾರಿಯ ದೇವಸ್ಥಾನ, ಕೋಟೆಗಳನ್ನು ದಾಖಲಿಸಿದವರಿದ್ದಾರೆ. ಬಿ.ಎಲ್. ರೈಸ್ ಕೋಲಾರದ ಶಾಸನಗಳಿಗೇ ಒಂದು ಸಂಪುಟ ಮೀಸಲಿಟ್ಟರು. ಒಕ್ಕಲು ಮನೆಯ ಸರದಿ ಬರಲೇ ಇಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಕಟ್ಟಡಕ್ಕೆ ಜಾಗವಿದೆ, ಆದರೆ ಅದು ರಾಷ್ಟ್ರೀಯ ಮಹತ್ವದ್ದು ಅನ್ನಿಸಿಕೊಳ್ಳಬೇಕು. ಕೊಟ್ಟಿಗೆಗೆ ಎಲ್ಲಿಯ ರಾಷ್ಟ್ರೀಯ ಮಹತ್ವ?

ಬೇರೆ ರೀತಿಯಲ್ಲೂ ಮಾಡಬಹುದಿತ್ತು. 1933ರಲ್ಲಿ, ಆರ್ಥಿಕ ಕುಸಿತದ ನಡುವೆ, ಅಮೆರಿಕ ಸರ್ಕಾರ ಕೆಲಸವಿಲ್ಲದ ವಾಸ್ತುಶಿಲ್ಪಿಗಳ ಕೈಗೆ ಅಳತೆಪಟ್ಟಿ ಕೊಟ್ಟು ಹಳೆಯ ಕಟ್ಟಡಗಳ ನಕ್ಷೆ ಬರೆಯಲು ಕಳಿಸಿತು. ಶ್ರೀಮಂತರ ಬಂಗಲೆಗಳ ಜೊತೆಗೆ ಹೊಲದ ಕಣಜಗಳು, ದಾರಿಬದಿಯ ಸುಂಕದ ಕಟ್ಟೆಗಳೂ ಆ ಕಡತ ಸೇರಿದವು. ಎಷ್ಟೋ ಕಟ್ಟಡ ಬಿದ್ದುಹೋಗಿವೆ, ನಕ್ಷೆಗಳಿವೆ.

ಕೋಲಾರದ ಕಡೆಯ ಹಳೆಯ ಒಕ್ಕಲು ಮನೆಯೊಂದನ್ನು ಹಾಗೆ ಅಳೆಯಲು ಹೊರಟರೆ ಎಲ್ಲಿಂದ ಶುರುಮಾಡಬೇಕು? ಗೋಡೆಯಿಂದ ಅಲ್ಲ ಅನ್ನುವುದು ನನ್ನ ವಾದ. ಜಗಲಿಯಿಂದ. ಅದು ಯಾವ ಕಡೆಗೆ ಮುಖಮಾಡಿದೆ ಎಂದು ನೋಡಿದರೆ ಹಳೆಯ ದಾರಿ ಎಲ್ಲಿತ್ತು ಎಂಬ ಸುಳಿವು ಸಿಗಬಹುದು. ಒಳಗೆ ಕಲ್ಲುಕಂಬ, ಚಪ್ಪಡಿ, ಮಾಳಿಗೆಯ ಮಣ್ಣು. ಒಂದು ಗೋಡೆ ಇನ್ನೊಂದಕ್ಕೆ ಬೆಸೆದುಕೊಳ್ಳದೆ ಬರೀ ಒರಗಿ ನಿಂತಿದ್ದರೆ, ಅಣ್ಣತಮ್ಮಂದಿರು ಪಾಲಾದಾಗ ಎದ್ದ ಗೋಡೆಯೋ ಎಂದು ಮನೆಯವರನ್ನೇ ಕೇಳಬೇಕು. ದನ ಕಟ್ಟುವ ಜಾಗ ಹೆಬ್ಬಾಗಿಲ ಒಳಗಿದೆಯೋ ಹೊರಗೋ? ಆಮೇಲೆ ಹಿತ್ತಲು, ಬಾವಿ, ಹುಲ್ಲಿನ ಮೆದೆ, ಕಣ, ಹಗೇವು. ಹಗೇವು ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಮೇಲೆ ಮಣ್ಣು ಮುಚ್ಚಿರುತ್ತದೆ. ದಂಡು ಓಡಾಡುವ ದಾರಿಯಲ್ಲಿ ಅದರ ಉಪಯೋಗ ಬಿಡಿಸಿ ಹೇಳಬೇಕಿಲ್ಲ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರಿಗೆ ಬಂದದ್ದು ಕೋಲಾರ, ಹೊಸಕೋಟೆಗಳ ಮೇಲೆಯೇ.

ರಸ್ತೆಗೆ ಜಮೀನು ಹೋದಾಗ ಇಂಥ ಮನೆಗೂ ಒಂದು ಸರ್ವೆ ಆಗುತ್ತದೆ, ಅನೇಕ ಮನೆಗಳಿಗೆ ಮೊದಲನೆಯದೂ ಕೊನೆಯದೂ ಆಗಿ. ಪರಿಹಾರಕ್ಕಾಗಿ ಎಂಜಿನಿಯರು ಕಟ್ಟಡದ ಬೆಲೆ ಕಟ್ಟುತ್ತಾರೆ: ಗೋಡೆ ಯಾವುದರದ್ದು, ಚಾವಣಿ ಯಾವುದರದ್ದು, ಎಷ್ಟು ಚದರ ಮೀಟರು. ಇದು ನ್ಯಾಯವಾದ ಲೆಕ್ಕವೇ, ಮನೆಯವರಿಗೆ ದುಡ್ಡು ಬರಬೇಕು. ಆದರೆ ಇಲ್ಲೂ ಪ್ರಶ್ನೆಪಟ್ಟಿ ಮೊದಲೇ ಸಿದ್ಧ. ಜಗಲಿ, ಪಡಸಾಲೆ, ತೊಟ್ಟಿ, ಅಟ್ಟ ಎಲ್ಲವೂ ‘ಕಟ್ಟಡ’ ಎಂಬ ಒಂದೇ ಪದದೊಳಗೆ ಸೇರಿಹೋಗುತ್ತವೆ. ಎಂದೋ ಬರಿದಾದ ಹಗೇವು ಇಂಥ ಲೆಕ್ಕದಲ್ಲಿ ಬರೀ ಗುಂಡಿ.

ಎಂಜಿನಿಯರು ಬರುವ ಮುಂಚಿನ ಒಂದು ಮಧ್ಯಾಹ್ನ ಸಾಕು. ನಾಲ್ಕು ಹಾಳೆ, ಅಳತೆಪಟ್ಟಿ, ಫೋನಿನ ಕ್ಯಾಮೆರಾ. ಜೊತೆಗೆ ಆ ಮನೆಯಲ್ಲೇ ಬಾಳಿದ ಅಜ್ಜಿಯೊಬ್ಬರು. ಯಾವ ಮೂಲೆಗೆ ಏನು ಹೆಸರೆಂದು ಅವರು ಹೇಳಿದಂತೆಯೇ, ಬುಕಾನನ್ ಕೊಳಗವನ್ನು ಬರೆದುಕೊಂಡ ಹಾಗೆ, ಬರೆದುಕೊಳ್ಳಬೇಕು. ರಜೆಗೆ ಊರಿಗೆ ಹೋಗುವ ನಿಮ್ಮಲ್ಲಿ ಕೆಲವರ ಮನೆ ಮಾಲೂರು, ಬಂಗಾರಪೇಟೆಯ ಆಸುಪಾಸಿನಲ್ಲೇ ಇರಬಹುದು.