ಬಿಸಿ ಎಲ್ಲಿಗೆ ಹೋಗುತ್ತೆ?

ಗೇಮಿಂಗ್ ಕಂಪ್ಯೂಟರ್ ಅಪ್‌ಗ್ರೇಡ್ ಮಾಡಿಸಲು ಹೊರಟವರು ಮೊದಲು ಕೇಳೋದು ಗ್ರಾಫಿಕ್ಸ್ ಕಾರ್ಡ್ ಯಾವುದು, ಮೆಮೊರಿ ಎಷ್ಟು ಅಂತ. ಅದರ ಬಿಸಿ ಎಲ್ಲಿಗೆ ಹೋಗುತ್ತೆ ಅಂತ ಕೇಳುವವರು ಕಡಿಮೆ. ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯವರಂತೂ "ನಮ್ಮೂರೇ ಏಸಿ ಇದ್ದ ಹಾಗಿದೆ, ಇಲ್ಲಿ ಕೂಲರ್ ಯಾಕೆ ಮಾರಾಯ?" ಅಂದುಬಿಡ್ತಾರೆ. ಈ ಮಾತಿನಲ್ಲಿ ಅರ್ಧ ನಿಜ ಇದೆ. ಉಳಿದ ಅರ್ಧ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1981ರಲ್ಲಿ ಬಂದ ಐಬಿಎಂ ಪಿಸಿಯ 8088 ಚಿಪ್ಪಿನ ವೇಗ 4.77 ಮೆಗಾಹರ್ಟ್ಸ್. ಅದರ ತಲೆಯ ಮೇಲೆ ಫ್ಯಾನೂ ಇರಲಿಲ್ಲ, ಹೀಟ್ ಸಿಂಕೂ ಇರಲಿಲ್ಲ. ಪವರ್ ಸಪ್ಲೈ ಒಳಗಿನ ಒಂದೇ ಫ್ಯಾನು ಇಡೀ ಡಬ್ಬಕ್ಕೆ ಸಾಕಾಗುತ್ತಿತ್ತು. 1993ರ ಮೊದಲ ಪೆಂಟಿಯಂ ಹೊತ್ತಿಗೆ ಬಿಸಿ ಸುಮಾರು 15 ವ್ಯಾಟಿಗೆ ಏರಿತು. ಚಿಪ್ಪಿಗೇ ಒಂದು ಫ್ಯಾನು ಕೂರಿಸೋದು ಮಾಮೂಲಾಯಿತು.

ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲೇ ಒಂದು ಲೆಕ್ಕ ಕೊಟ್ಟಿದ್ದರು. ಟ್ರಾನ್ಸಿಸ್ಟರ್ ಚಿಕ್ಕದಾದಂತೆ ವೋಲ್ಟೇಜನ್ನೂ ಇಳಿಸುತ್ತ ಹೋದರೆ, ಅಷ್ಟೇ ಜಾಗದಲ್ಲಿ ಎಷ್ಟು ತುಂಬಿದರೂ ಬಿಸಿ ಹೆಚ್ಚೋದಿಲ್ಲ ಅಂತ. ಸುಮಾರು ಮೂವತ್ತು ವರ್ಷ ಈ ಲೆಕ್ಕ ನಡೆಯಿತು. ಆಮೇಲೆ ಟ್ರಾನ್ಸಿಸ್ಟರ್ ಎಷ್ಟು ಚಿಕ್ಕದಾಯಿತೆಂದರೆ, ಆರಿಸಿದಾಗಲೂ ಅದರಲ್ಲಿ ಕರೆಂಟ್ ಸೋರತೊಡಗಿತು. ವೋಲ್ಟೇಜನ್ನು ಇನ್ನೂ ಇಳಿಸೋದು ಕಷ್ಟವಾಯಿತು. 2004ರ ಪೆಂಟಿಯಂ 4 ಚಿಪ್ಪು 3.8 ಗಿಗಾಹರ್ಟ್ಸ್ ಮುಟ್ಟಿದಾಗ ಬಿಸಿ 115 ವ್ಯಾಟ್! ಆ ವರ್ಷದ ಅಕ್ಟೋಬರಿನಲ್ಲಿ 4 ಗಿಗಾಹರ್ಟ್ಸ್ ಮಾದರಿಯನ್ನು ಇಂಟೆಲ್ ಕೈಬಿಟ್ಟಿತು. 2006ರ ಜುಲೈನಲ್ಲಿ ಬಂದ ಕೋರ್ 2 ಡುಯೋ ವೇಗ ಇಳಿಸಿಕೊಂಡು, ಎರಡು ಕೋರ್ ಇಟ್ಟುಕೊಂಡು, 65 ವ್ಯಾಟಿನಲ್ಲಿ ಹೆಚ್ಚು ಕೆಲಸ ಮಾಡಿತು. ಇವತ್ತು ನಿಮ್ಮ ಚಿಪ್ಪಿನಲ್ಲಿ ಆರೋ ಎಂಟೋ ಕೋರ್ ಇರೋದಕ್ಕೆ ದೊಡ್ಡ ಕಾರಣ ಈ ಬಿಸಿಯೇ.

ಗ್ರಾಫಿಕ್ಸ್ ಕಾರ್ಡಿನ ಕಥೆ ಇನ್ನೂ ಮಜವಾಗಿದೆ. 2003ರ ಜೀಫೋರ್ಸ್ ಎಫ್ಎಕ್ಸ್ 5800 ಅಲ್ಟ್ರಾದ ಫ್ಯಾನು ಎಷ್ಟು ಕಿರುಚುತ್ತಿತ್ತೆಂದರೆ, ಎನ್ವಿಡಿಯಾದವರೇ ಅದನ್ನು ಗೇಲಿ ಮಾಡಿಕೊಂಡು ವಿಡಿಯೋ ತೆಗೆದರು :) 2025ರಲ್ಲಿ ಬಂದ ಆರ್‌ಟಿಎಕ್ಸ್ 5090ಕ್ಕೆ 575 ವ್ಯಾಟ್ ಬೇಕು. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯ ಅರ್ಧಕ್ಕಿಂತ ಜಾಸ್ತಿ!

ಹಾಗಾದರೆ ನೀರಿನ ಕೂಲರ್? ದೊಡ್ಡ ಯಂತ್ರಗಳಿಗೆ ದ್ರವ ಹೊಸದಲ್ಲ. 1985ರ ಕ್ರೇ-2 ಸೂಪರ್ ಕಂಪ್ಯೂಟರಿನ ಸರ್ಕ್ಯೂಟುಗಳು ಕರೆಂಟ್ ಹರಿಸದ ಒಂದು ದ್ರವದಲ್ಲಿ ಮುಳುಗಿದ್ದವು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 2015ರಲ್ಲಿ ಬಂದ 'ಸಹಸ್ರಟಿ' ಕ್ರೇ ಎಕ್ಸ್‌ಸಿ40 ಮಾದರಿಯದು. ಅದರಲ್ಲಿ ಗಾಳಿ ಕ್ಯಾಬಿನೆಟ್ಟಿನಿಂದ ಕ್ಯಾಬಿನೆಟ್ಟಿಗೆ ಅಡ್ಡಲಾಗಿ ಹರಿಯುತ್ತೆ, ನಡುವೆ ನೀರಿನ ಸುರುಳಿಗಳು ಬಿಸಿ ಹೀರಿಕೊಳ್ಳುತ್ತವೆ. ಆದರೆ ನೀರು ಬಿಸಿಯನ್ನು ಹೊರುತ್ತೆ ಅಷ್ಟೇ, ನುಂಗೋದಿಲ್ಲ. ಮನೆಯ ಕಂಪ್ಯೂಟರಿನಲ್ಲೂ ಕೊನೆಗೆ ರೇಡಿಯೇಟರಿನ ಫ್ಯಾನು ಅದನ್ನು ನಿಮ್ಮ ಕೋಣೆಗೇ ಊದಬೇಕು.

ಈಗ ನಮ್ಮೂರಿನ ಲೆಕ್ಕಕ್ಕೆ ಬರೋಣ. ಒಂದು ಕೂಲರ್ ಚಿಪ್ಪನ್ನು ಕೋಣೆಗಿಂತ 45 ಡಿಗ್ರಿ ಮೇಲೆ ಹಿಡಿದಿಡುತ್ತೆ ಅಂದುಕೊಳ್ಳಿ. ರಾಯಚೂರಿನ ಬೇಸಿಗೆಯ 40 ಡಿಗ್ರಿ ಕೋಣೆಯಲ್ಲಿ ಚಿಪ್ಪು 85. ಚಿಕ್ಕಮಗಳೂರಿನ ಮಳೆಗಾಲದ 22 ಡಿಗ್ರಿ ಕೋಣೆಯಲ್ಲಿ 67. ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ಸುಮಾರು ಶೇಕಡ 10ರಷ್ಟು ತೆಳುವಾಗಿರೋದರಿಂದ ಫ್ಯಾನಿನ ಶಕ್ತಿ ತುಸು ಕುಗ್ಗುತ್ತೆ, ಆದರೂ ಲಾಭ ನಮ್ಮದೇ. ಹಾಗಾಗಿ ಮಧ್ಯಮ ಕಾರ್ಡು, ಮಧ್ಯಮ ಚಿಪ್ಪು ಹಾಕಿಸುವವರಿಗೆ ಇಲ್ಲಿ ಒಳ್ಳೆಯ ಗಾಳಿ ಕೂಲರ್ ಸಾಕು. ಉಳಿದ ದುಡ್ಡನ್ನು ಪವರ್ ಸಪ್ಲೈ, ಯುಪಿಎಸ್ಸಿಗೆ ಹಾಕೋದು ಜಾಣತನ.

ಕೂಲರೇ ಬೇಡ ಅನ್ನೋದು ಮಾತ್ರ ಸುಳ್ಳು. ಹೊರಗೆ ಎಷ್ಟೇ ಚಳಿ ಇರಲಿ, ಬಿಸಿಯನ್ನು ಚಿಪ್ಪಿನಿಂದ ಆಚೆ ಸಾಗಿಸೋಕೆ ದಾರಿ ಬೇಕೇ ಬೇಕು.

ಮಲೆನಾಡಿನಲ್ಲಿ ಇನ್ನೊಂದು ಶತ್ರು ತೇವ. ಹೀಟ್ ಸಿಂಕಿನಲ್ಲಿ ಕೂತ ಧೂಳು ಆಷಾಢದ ತೇವ ಹೀರಿಕೊಂಡರೆ ಬೋರ್ಡಿಗೆ ತುಕ್ಕು, ಕರೆಂಟ್ ಸೋರಿಕೆ. ದಿನಾ ಸ್ವಲ್ಪ ಹೊತ್ತು ಓಡುವ ಕಂಪ್ಯೂಟರಿನ ಒಳಗೆ ಬೆಚ್ಚಗಿದ್ದು ತೇವ ಕೂರೋದು ಕಡಿಮೆ. ತಿಂಗಳುಗಟ್ಟಲೆ ಮುಚ್ಚಿಟ್ಟದ್ದಕ್ಕೇ ಅಪಾಯ ಜಾಸ್ತಿ. ಇಷ್ಟು ವರ್ಷ ಬಿಸಿಯನ್ನು ಹೊರಗಟ್ಟೋಕೆ ಪಟ್ಟ ಪಾಡು ನೋಡಿದರೆ, ನಮ್ಮೂರ ಮಳೆಗಾಲದಲ್ಲಿ ಅದೇ ಬಿಸಿ ಸ್ವಲ್ಪ ಉಪಕಾರಕ್ಕೂ ಬರುತ್ತೆ ಅನ್ನೋದು ತಮಾಷೆ. ಅಪ್‌ಗ್ರೇಡ್ ಯಾವಾಗಲಾದರೂ ಮಾಡಿಸಿ. ಮೇ ತಿಂಗಳಲ್ಲಿ ಸೌದೆ ಒಳಗೆ ಹಾಕುವಾಗ ಕಂಪ್ಯೂಟರಿನ ಧೂಳನ್ನೂ ಒಮ್ಮೆ ಹೊಡೆದುಬಿಡಿ.